ಐದು ಸ್ವರದ ಕೊಂಬು

ನಮ್ಮ ಹೈಸ್ಕೂಲಿನ ಆಫೀಸಿನಲ್ಲಿ ಕಬ್ಬಿಣದ ಒಂದು ತಿಜೋರಿ ಇತ್ತು. ಅದರ ಕೆಳಗಿನ ಖಾನೆಯಲ್ಲಿ ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಎರಡು ಬ್ಯೂಗಲ್, ಅವುಗಳ ಹಿಂದೆ ಮೂರು ಸೈಡ್ ಡ್ರಮ್, ಒಂದು ಜೋಡಿ ಝಾಂಜು. ಬೇಸ್ ಡ್ರಮ್ ಯಾವ ಖಾನೆಯಲ್ಲೂ ಹಿಡಿಸದೆ ತಿಜೋರಿಯ ನೆತ್ತಿಯ ಮೇಲೆ ಕೂತಿರುತ್ತಿತ್ತು. ಇಷ್ಟೂ ಸೇರಿ ನಮ್ಮ ಬಾಯಲ್ಲಿ ‘ಬ್ಯಾಂಡ್ ಸೆಟ್’. ರಾಯಬಾಗ ತಾಲ್ಲೂಕಿನ, ಕೃಷ್ಣೆಯ ದಂಡೆಯ ಆ ಊರಲ್ಲಿ 1984ರಿಂದ ಮೂರು ವರ್ಷ, ಎಂಟನೇ ಇಯತ್ತೆಯಿಂದ ಹತ್ತರವರೆಗೆ, ಆ ಎರಡು ಬ್ಯೂಗಲ್ಲುಗಳಲ್ಲಿ ಒಂದು ನನ್ನದಾಗಿತ್ತು. ನನ್ನದು ಅಂದರೆ ಬೆಳಿಗ್ಗೆ ಸಹಿ ಮಾಡಿ ಇಸಿದುಕೊಂಡು ಸಂಜೆ ಒರೆಸಿ ತಿರುಗಿ ಕೊಡುವಷ್ಟು ನನ್ನದು. ಹಾಗಿದ್ದರೂ ಮನೆಯಲ್ಲಿ ಯಾವ ವಸ್ತುವಿನ ಬಗ್ಗೆಯೂ ನನಗೆ ಅಷ್ಟು ಹಕ್ಕಿನ ಭಾವ ಇರಲಿಲ್ಲ.

ಬ್ಯಾಂಡ್ ಸೆಟ್ ವರ್ಷದಲ್ಲಿ ಮೂರು ಸಲ ಹೊರಬೀಳುತ್ತಿತ್ತು. ಆಗಸ್ಟ್ 15ರ ಪ್ರಭಾತಫೇರಿ, ಜನವರಿ 26, ಮತ್ತು ಇವೆರಡರ ನಡುವೆ ಕಬ್ಬು ಕಡಿಯುವ ಚಳಿಗಾಲದಲ್ಲಿ ಬರುತ್ತಿದ್ದ ಕ್ರೀಡಾಕೂಟದ ಪಥಸಂಚಲನ. ಮೊದಲ ಎರಡು ಹಬ್ಬಗಳಾದರೆ ಮೂರನೆಯದು ಸ್ಪರ್ಧೆ. ಓಟ, ಕಬಡ್ಡಿ, ಖೋಖೋಗಳ ಮೊದಲು ಪ್ರತಿ ಶಾಲೆಯೂ ತನ್ನ ಬ್ಯಾಂಡಿನ ಹಿಂದೆ ಮೈದಾನ ಸುತ್ತಬೇಕು. ಸಾಲು ಎಷ್ಟು ನೇರ, ಹೆಜ್ಜೆ ಎಷ್ಟು ಒಂದು, ವಂದನೆ ಕೊಡುವಾಗ ಕುತ್ತಿಗೆ ಒಟ್ಟಿಗೆ ಹೊರಳಿತೇ, ಬ್ಯಾಂಡಿನ ಲಯ ಕೆಟ್ಟಿತೇ ಎಂದು ವೇದಿಕೆಯ ಪಕ್ಕ ಕೂತವರು ಗುರುತು ಹಾಕಿಕೊಳ್ಳುತ್ತಿದ್ದರು. ಆ ಕಾಲು ತಾಸಿಗಾಗಿ ನಾವು ಎರಡು ತಿಂಗಳು ದುಡಿಯುತ್ತಿದ್ದೆವು.

ನನಗೆ ಊದಲು ಕಲಿಸಿದವರು ಮಾಸ್ತರರಲ್ಲ. ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿಯಿಂದ ನಿವೃತ್ತರಾಗಿ ಬಂದು ಹೊಲ ಮಾಡಿಕೊಂಡಿದ್ದ ಒಬ್ಬ ಹವಾಲ್ದಾರರು. ನಾವೆಲ್ಲ ಅವರಿಗೆ ಕಾಕಾ ಅನ್ನುತ್ತಿದ್ದೆವು. ಮೊದಲ ದಿನ ಬ್ಯೂಗಲ್ ಕೈಗೇ ಕೊಡಲಿಲ್ಲ. ಮೌತ್‌ಪೀಸಷ್ಟೇ ಬಿಚ್ಚಿ ಕೊಟ್ಟು, ಇದರಲ್ಲಿ ನೊಣ ಹಾರಿಸು ಅಂದರು. ನಾನು ಗಲ್ಲ ಉಬ್ಬಿಸಿ ಊದಿದೆ. ಬರೀ ಗಾಳಿ ಹೋಯಿತು.

“ಗಲ್ಲ ಉಬ್ಬಸಬ್ಯಾಡೋ ತಮ್ಮಾ, ಒಲಿ ಊದಾಕತ್ತೀ ಏನ? ತುಟಿ ಬಿಗಿ ಹಿಡಿ. ಗಾಳಿ ಹೊಟ್ಟಿಯಿಂದ ಬರ್ಲಿ, ತುಟಿ ನಡುಗ್ಲಿ.”

ನಾಲ್ಕು ದಿನ ತುಟಿ ನಡುಗಿಸುವುದೇ ಅಭ್ಯಾಸ. ಐದನೇ ದಿನ ಮೌತ್‌ಪೀಸನ್ನು ಬ್ಯೂಗಲ್ಲಿಗೆ ಸಿಕ್ಕಿಸಿ ಊದಿದಾಗ, ಆ ನೊಣದ ಗುಂಯ್ಗುಟ್ಟುವಿಕೆ ಒಮ್ಮೆಲೇ ದೊಡ್ಡ ದನಿಯಾಗಿ ಹೊಳೆಯ ಆಚೆ ದಂಡೆಗೆ ಹೋಗಿ ಬಡಿಯಿತು. ಸದ್ದು ನಾನು ಮಾಡಿದ್ದೋ ಹಿತ್ತಾಳೆ ಮಾಡಿದ್ದೋ ತಿಳಿಯದೆ ಬೆಚ್ಚಿ ನಿಂತಿದ್ದೆ.

ಈಗ ಆ ಪ್ರಶ್ನೆಗೆ ಉತ್ತರ ಗೊತ್ತು. ಬ್ಯೂಗಲ್ ಅಂದರೆ ಸುಮಾರು ನಾಲ್ಕೂವರೆ ಅಡಿ ಉದ್ದದ ಹಿತ್ತಾಳೆ ಅಥವಾ ತಾಮ್ರದ ಕೊಳವೆಯನ್ನು ಮಡಚಿ ಮಾಡಿದ್ದು. ಕೊಳಲಿನಂತೆ ತೂತಿಲ್ಲ, ಟ್ರಂಪೆಟ್ಟಿನಂತೆ ಒತ್ತುವ ಗುಂಡಿಯಿಲ್ಲ. ಬೆರಳಿಗೆ ಕೆಲಸವೇ ಇಲ್ಲ. ಅಷ್ಟುದ್ದದ ಕೊಳವೆಯೊಳಗಿನ ಗಾಳಿ ತನಗೆ ಒಪ್ಪಿದ ಕೆಲವೇ ಕಂಪನಗಳಲ್ಲಿ ಮಾತ್ರ ನಿಲ್ಲುತ್ತದೆ. ಅವುಗಳ ನಡುವಿನ ಅನುಪಾತ ಎರಡು, ಮೂರು, ನಾಲ್ಕು, ಐದು, ಆರು. ತುಟಿಯ ಬಿಗಿ ಏರಿಸಿದಂತೆ ಗಾಳಿ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ನಡುವೆ ಎಲ್ಲೂ ಕಾಲೂರುವುದಿಲ್ಲ. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಸ, ಪ, ಮೇಲಿನ ಸ, ಅದರ ಮೇಲೆ ಗ, ಮತ್ತೆ ಪ. ಇಷ್ಟೇ. ಬೆಳಿಗ್ಗೆ ಸೈನಿಕರನ್ನು ಎಬ್ಬಿಸುವ ರೆವಲಿ, ಸೂರ್ಯ ಮುಳುಗುವಾಗಿನ ರಿಟ್ರೀಟ್, ಸತ್ತವರಿಗೆ ಗೌರವ ಕೊಡುವ ಲಾಸ್ಟ್ ಪೋಸ್ಟ್, ಎಲ್ಲವೂ ಈ ಐದರೊಳಗೇ ಮುಗಿಯಬೇಕು. ಸ್ವರ ಕಡಿಮೆ ಇದ್ದಾಗ ಎಷ್ಟು ಹೊತ್ತು ಹಿಡಿಯುತ್ತೀಯ, ಎಲ್ಲಿ ಬಿಡುತ್ತೀಯ ಅನ್ನುವುದೇ ರಾಗ. ಲಾಸ್ಟ್ ಪೋಸ್ಟ್ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಐದರಲ್ಲಿ ಗ, ಅಂದರೆ ಗಂಧಾರ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಅದರ ಗುಟ್ಟು ತಂಬೂರಿಯಲ್ಲಿದೆ. ಕಾಗವಾಡ ದಾಟಿದರೆ ಗಡಿ, ಗಡಿ ದಾಟಿದರೆ ಮಹಾರಾಷ್ಟ್ರದ ಮೀರಜ. ಅಲ್ಲಿ ತಂಬೂರಿ, ಸಿತಾರ ಮಾಡುವ ಕುಶಲಿಗಳ ಓಣಿಯೇ ಇದೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು ಅದು. ಹಾಡುವವರು ಒಂದು ಮಾತು ಹೇಳುತ್ತಾರೆ: ತಂಬೂರಿಯನ್ನು ಚೆನ್ನಾಗಿ ಕೂಡಿಸಿದರೆ, ಯಾವ ತಂತಿಯನ್ನೂ ಗಂಧಾರಕ್ಕೆ ಬಿಗಿಯದಿದ್ದರೂ ಗಂಧಾರ ತಾನಾಗಿ ಕೇಳಿಸುತ್ತದೆ. ಅದಕ್ಕೆ ಸ್ವಯಂಭೂ ಗಂಧಾರ ಅನ್ನುತ್ತಾರೆ. ಷಡ್ಜದ ತಂತಿ ತನ್ನ ಐದನೆಯ ಪಾಲಿನಲ್ಲಿ ಕಂಪಿಸಿದಾಗ ಹುಟ್ಟುವ ದನಿ ಅದು. ಬ್ಯೂಗಲ್ಲಿನ ಗಂಧಾರವೂ ಅದೇ ಐದನೆಯ ಪಾಲು. ಹಾರ್ಮೋನಿಯಂನ ಗಂಧಾರಕ್ಕಿಂತ ಒಂದು ಕೂದಲೆಳೆಯಷ್ಟು ಕೆಳಗೆ, ತಂಬೂರಿಯ ಗಂಧಾರಕ್ಕೆ ಸರಿಯಾಗಿ. ದಂಡಿನ ಕವಾಯತಿನ ಹಿತ್ತಾಳೆ ಮತ್ತು ಸಂಗೀತದ ಕೋಣೆಯ ತಂತಿ ಒಂದೇ ಗಂಧಾರ ಹೇಳುತ್ತವೆ ಎಂದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ. ತಿಳಿದ ದಿನ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಹೆಸರಿನ ಕತೆಯೂ ಹೀಗೇ. ಬ್ಯೂಗಲ್ ಎಂಬ ಶಬ್ದ ಹಳೆಯ ಫ್ರೆಂಚಿನದು, ಅದರ ಮೂಲ ಲ್ಯಾಟಿನ್ನಿನಲ್ಲಿ ಹೋರಿಗರುವಿಗೆ ಇರುವ ಹೆಸರು. ಮೊದಲು ಊದುತ್ತಿದ್ದದ್ದು ಎತ್ತಿನ ಕೊಂಬನ್ನೇ. ಬೇಟೆಗಾರರ ಆ ಕೊಂಬು ಹದಿನೆಂಟನೇ ಶತಮಾನದಲ್ಲಿ ಯುರೋಪಿನ ಲಘು ಪದಾತಿ ದಳಗಳ ಕೈಗೆ ಬಂತು. ಒತ್ತಾಗಿ ಸಾಲುಗಟ್ಟಿ ನಡೆಯುವ ದಂಡಿಗೆ ಡ್ರಮ್ ಸಾಕು. ಚದುರಿ, ಗಿಡಗಂಟಿಯ ಮರೆಯಲ್ಲಿ ಓಡುತ್ತ ಕಾದುವವರಿಗೆ ದೂರಕ್ಕೆ ಕೇಳುವ, ಹೊತ್ತು ಓಡಲು ಹಗುರಾದ ದನಿ ಬೇಕಿತ್ತು. ಲೈಟ್ ಇನ್‌ಫಂಟ್ರಿಗೂ ಬ್ಯೂಗಲ್ಲಿಗೂ ನಂಟು ಬೆಳೆದದ್ದು ಹೀಗೆ. ಮರಾಠಾ ರೆಜಿಮೆಂಟಿನ ಕೇಂದ್ರ ಬೆಳಗಾವಿಯಲ್ಲಿ ನೆಲೆಯೂರಿದ ಮೇಲೆ ನಮ್ಮ ಸೀಮೆಯ ಹಳ್ಳಿಗಳಿಗೆ ಆ ದನಿ ಪಿಂಚಣಿಯ ಜೊತೆಗೆ ಮನೆಗೆ ಬಂತು.

ಆದರೆ ಅದು ಬರುವುದಕ್ಕೆ ಎಷ್ಟೋ ಮುಂಚೆ ನಮ್ಮಲ್ಲಿ ಕೊಂಬು ಇತ್ತು. ಶಬ್ದವೇ ಹೇಳುತ್ತದೆ, ಪ್ರಾಣಿಯ ಕೊಂಬೇ ವಾದ್ಯದ ಹೆಸರು. ಮರಾಠಿಯವರ ಶಿಂಗವೂ ಅದೇ ಅರ್ಥ. ಜಾತ್ರೆಯಲ್ಲಿ ಪಲ್ಲಕ್ಕಿಯ ಮುಂದೆ ಬಿಲ್ಲಿನಂತೆ ಬಾಗಿದ ಹಿತ್ತಾಳೆ ಕೊಂಬನ್ನು ಆಕಾಶಕ್ಕೆ ಎತ್ತಿ ಊದುವವನು ಮಾಡುವುದೂ ಹವಾಲ್ದಾರ ಕಾಕಾ ಹೇಳಿದ್ದನ್ನೇ: ತುಟಿ ಬಿಗಿ, ಗಾಳಿ ಹೊಟ್ಟೆಯಿಂದ. ಅವನಿಗೂ ತೂತಿಲ್ಲ, ಗುಂಡಿಯಿಲ್ಲ, ಸಿಗುವುದು ಅವೇ ಮೆಟ್ಟಿಲುಗಳು. ಬ್ಯೂಗಲ್ ನನಗೆ ಪರದೇಶದ ವಸ್ತುವೆಂದು ಎಂದೂ ಅನ್ನಿಸಲಿಲ್ಲ. ಕಾರಣ ಬಹುಶಃ ಇದೇ.

ಇನ್ನು ಡ್ರಮ್ಮು. ಎರಡನೇ ಸೈಡ್ ಡ್ರಮ್ ಹಿಡಿಯುತ್ತಿದ್ದವನು ನನ್ನ ದೋಸ್ತ. ಅವನ ಮನೆತನ ತಲೆತಲಾಂತರದಿಂದ ಹಲಗಿ ಬಾರಿಸುತ್ತಿದ್ದದ್ದು. ಹಲಗಿಯ ಕಟ್ಟು, ಅದಕ್ಕೆ ಬಿಗಿದ ಚರ್ಮ, ಬಲಗೈಯಲ್ಲಿ ಗಿಡ್ಡ ದಪ್ಪ ಕೋಲು, ಎಡಗೈಯಲ್ಲಿ ಉದ್ದದ ತೆಳು ಕಡ್ಡಿ. ಮಾಸ್ತರರು ಸೈಡ್ ಡ್ರಮ್ಮಿನ ಮೊದಲ ಪಾಠವನ್ನು ‘ಬಲ ಎಡ ಬಲ ಬಲ, ಎಡ ಬಲ ಎಡ ಎಡ’ ಎಂದು ಕರಿಹಲಗೆಯ ಮೇಲೆ ಬರೆದರು. ನಮಗೆಲ್ಲ ಕೈ ತೊಡರುತ್ತಿದ್ದಾಗ ಅವನು ಅದನ್ನು ಒಮ್ಮೆ ಬಾಯಲ್ಲಿ ಅಂದುಕೊಂಡು ಬಾರಿಸಿಬಿಟ್ಟ. ಇಂಗ್ಲಿಷರು ದಂಡಿನಲ್ಲಿ ಕಲಿಸುವ ಪಾಠ ಅವನ ಕೈಯಲ್ಲಿ ಹುಟ್ಟಾ ಇತ್ತು.

ಚರ್ಮದ ಗುಣ ಬಲ್ಲವನೂ ಅವನೇ. ಆಗ ನಮ್ಮ ಡ್ರಮ್ಮುಗಳಿಗೆ ಪ್ಲಾಸ್ಟಿಕ್ ಹೊದಿಕೆ ಇರಲಿಲ್ಲ, ಚರ್ಮದವು. ಚರ್ಮ ಗಾಳಿಯ ತೇವ ಕುಡಿದು ಸಡಿಲಾಗುತ್ತದೆ, ಒಣಗಿದರೆ ಬಿಗಿಯುತ್ತದೆ. ಆಗಸ್ಟ್ 15 ಅಂದರೆ ಶ್ರಾವಣದ ಜಿಟಿಜಿಟಿ ಮಳೆ. ಪ್ರಭಾತಫೇರಿ ಹೊರಡುವ ಹೊತ್ತಿಗೆ ಡ್ರಮ್ಮು ಚೀಲ ಬಡಿದಂತೆ ದಬ್ ದಬ್ ಅನ್ನುತ್ತಿತ್ತು. ಇನ್ನೊಂದು ತಲೆನೋವು ಸೈಡ್ ಡ್ರಮ್ಮಿನ ಕೆಳಮುಖಕ್ಕೆ ಅಡ್ಡಲಾಗಿ ಕಟ್ಟಿದ ತಂತಿಗಳದ್ದು. ಮೇಲೆ ಕೋಲು ಬಿದ್ದಾಗ ಕೆಳಗಿನ ಚರ್ಮ ಕಂಪಿಸಿ ಆ ತಂತಿಗಳನ್ನು ಕುಣಿಸಬೇಕು, ಆಗಲೇ ಆ ಚರ್ರೆನ್ನುವ ಖಡಕ್ಕು. ಚರ್ಮ ಸಡಿಲಾದರೆ ತಂತಿ ಮೂಕ. ದೋಸ್ತ ಮನೆಯಿಂದ ಒಂದು ಹೊರೆ ಕಬ್ಬಿನ ಒಣ ರವದಿ ತಂದು, ಶಾಲೆಯ ಹಿಂದೆ ಉರಿ ಮಾಡಿ, ಡ್ರಮ್ಮುಗಳನ್ನು ಉರಿಗೆ ಎಷ್ಟು ದೂರ ಎಷ್ಟು ಹೊತ್ತು ಹಿಡಿಯಬೇಕೆಂದು ಕೈಬೆರಳಿನಿಂದ ಬಡಿದು ಬಡಿದು ಹೇಳುತ್ತಿದ್ದ. ಹಲಗಿಗೆ ಅವನ ಅಪ್ಪ ಮಾಡುತ್ತಿದ್ದದ್ದೂ ಅದನ್ನೇ. ರವದಿಯ ಹೊಗೆ ವಾಸನೆ ಬಂದರೆ ಇಂದಿಗೂ ನನ್ನ ಕಿವಿಯಲ್ಲಿ ಚರ್ಮ ಬಿಗಿಯುತ್ತದೆ.

ಅವನ ಅಪ್ಪನನ್ನು ಊರು ಮದುವೆಗೂ ಹೆಣಕ್ಕೂ ಕರೆಯುತ್ತಿತ್ತು, ಆದರೆ ಕಟ್ಟೆಯ ಮೇಲೆ ಕೂಡ್ರಿಸುತ್ತಿರಲಿಲ್ಲ. ಮಗ ಬಿಳಿ ಅಂಗಿ, ಬಿಳಿ ಚೊಣ್ಣ ತೊಟ್ಟು ಅದೇ ಕೈಯಿಂದ ಡ್ರಮ್ ಬಾರಿಸುತ್ತ ಅದೇ ಕಟ್ಟೆಯ ಮುಂದೆ ಹಾದುಹೋದಾಗ ಹಿರಿಯರು ಎದ್ದು ನಿಲ್ಲುತ್ತಿದ್ದರು. ಎದ್ದದ್ದು ಧ್ವಜಕ್ಕೆ, ಅದು ನಮಗೂ ಗೊತ್ತಿತ್ತು. ಆದರೂ ಆ ಹತ್ತು ಹೆಜ್ಜೆ ನಡೆಯುವಾಗ ದೋಸ್ತನ ಕೋಲು ಬೇರೆಯೇ ಮೊಳಗುತ್ತಿತ್ತು.

ನಮಗೆ ಹೆಜ್ಜೆ ಕಲಿಸಿದ ಪಿ.ಟಿ. ಮಾಸ್ತರರು ಸೇವಾದಳದ ಶಿಬಿರಗಳಲ್ಲಿ ತಯಾರಾದವರು. ಸೇವಾದಳ ನಮ್ಮ ಭಾಗಕ್ಕೆ ಬಹಳ ಹತ್ತಿರದ್ದು. ಅದನ್ನು ಕಟ್ಟಿದ ಡಾ. ನಾ.ಸು. ಹರ್ಡೀಕರರು ಧಾರವಾಡದಲ್ಲಿ ಹುಟ್ಟಿದವರು. 1923ರಲ್ಲಿ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಮರುವರ್ಷವೇ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ಅದರ ಸ್ವಯಂಸೇವಕರು ಕೆಲಸ ಮಾಡಿದರು. ಹರ್ಡೀಕರರು ಕೊನೆಗಾಲ ಕಳೆದದ್ದು ರಾಯಬಾಗದಿಂದ ರೈಲಿನಲ್ಲಿ ಕೆಲವೇ ನಿಲ್ದಾಣ ಆಚೆಗಿನ ಘಟಪ್ರಭಾದಲ್ಲಿ, 1975ರಲ್ಲಿ ತೀರಿಕೊಂಡರು. ಸಾಲಿನಲ್ಲಿ ನಡೆಯುವುದು ದಂಡಿನ ಸೊತ್ತಲ್ಲ, ಬಂದೂಕು ಇಲ್ಲದವರೂ ಒಟ್ಟಾಗಿ ಹೆಜ್ಜೆ ಹಾಕಬಹುದು ಎಂಬ ಅವರ ನಂಬಿಕೆ ನಮ್ಮ ಮಾಸ್ತರರ ಕೂಗಿನಲ್ಲಿತ್ತು. “ಒಂದ್ ದೋ, ಒಂದ್ ದೋ” ಎಂದು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಕೂಗುತ್ತಿದ್ದರು. ನಿಮಿಷಕ್ಕೆ ನೂರಿಪ್ಪತ್ತು ಹೆಜ್ಜೆ, ಹೆಜ್ಜೆಗೆ ಮೂವತ್ತು ಇಂಚು. ಹವಾಲ್ದಾರ ಕಾಕಾನ ಕಾಲಿಗೆ ಲೈಟ್ ಇನ್‌ಫಂಟ್ರಿಯ ಬಿರುಸು ಹತ್ತಿತ್ತು, ಅವರಿಗೆ ಇದು ನಿಧಾನ. ಇಬ್ಬರ ನಡುವೆ ಈ ಒಂದು ವಿಷಯಕ್ಕೆ ಮಾತಿಗೆ ಮಾತು ಬೆಳೆಯುತ್ತಿತ್ತು, ನಾವು ಡ್ರಮ್ಮಿನ ಮೇಲೆ ಕೂತು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದೆವು.

ನಮ್ಮದು ವರ್ಷಕ್ಕೊಮ್ಮೆ ಕಾಲು ತಾಸಿನ ಸ್ಪರ್ಧೆ; ಅಮೆರಿಕದಲ್ಲಿ ಡ್ರಮ್ ಮತ್ತು ಬ್ಯೂಗಲ್ ತಂಡಗಳ ಸ್ಪರ್ಧೆ ದೊಡ್ಡ ವ್ಯವಸ್ಥೆಯಾಗಿ ಬೆಳೆದಿದೆ. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರು ತಮ್ಮ ಊರುಗಳಲ್ಲಿ ತಂಡ ಕಟ್ಟಿಕೊಂಡದ್ದು ಅದರ ಬೇರು. 1971ರಲ್ಲಿ ತಂಡಗಳೇ ಸೇರಿ ಡ್ರಮ್ ಕಾರ್ಪ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಮಾಡಿಕೊಂಡವು, 1972ರಲ್ಲಿ ವಿಸ್ಕಾನ್ಸಿನ್ನಿನ ವೈಟ್‌ವಾಟರ್‌ನಲ್ಲಿ ಅದರ ಮೊದಲ ಚಾಂಪಿಯನ್‌ಷಿಪ್ ನಡೆಯಿತು. ಅಲ್ಲಿ ಹಿಂದೆ ಒಂದು ಪದ್ಧತಿ ಇತ್ತು: ಪೂರ್ಣ ಅಂಕದಿಂದ ಶುರು ಮಾಡಿ, ಪ್ರತಿ ತಪ್ಪಿಗೆ ಒಂದು ಗೀಟು ಎಳೆದು ಅಂಕದ ಹತ್ತನೇ ಒಂದು ಭಾಗ ಕಳೆಯುವುದು. ಇದನ್ನು ಓದಿದಾಗ ನನಗೆ ನಮ್ಮ ಕ್ರೀಡಾಕೂಟ ನಡೆದ ಚಿಕ್ಕೋಡಿಯ ಮೈದಾನದ ಬಿಳಿ ಮೇಜುಬಟ್ಟೆ, ಅದರ ಹಿಂದಿನ ಪೆನ್ಸಿಲುಗಳು ನೆನಪಾದವು. ಅಲ್ಲಿನ ಹುಡುಗರು ಇಪ್ಪತ್ತೊಂದು ವರ್ಷ ದಾಟಿದರೆ ತಂಡ ಬಿಡಬೇಕಿತ್ತಂತೆ. ಕೊನೆಯ ಪ್ರದರ್ಶನ ಮುಗಿಸಿದವರು ಮೈದಾನದಲ್ಲೇ ಅಳುತ್ತಾರೆ. ನಾವು ಹತ್ತನೇ ಇಯತ್ತೆಗೇ ಬಿಟ್ಟವರು.

ಆದರೆ ಡ್ರಮ್ಮೂ ಊದುವ ವಾದ್ಯವೂ ಹೆಜ್ಜೆಯೂ ಸೇರಿದ ಪೈಪೋಟಿ ನೋಡಲು ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಕರಡಿ ಮಜಲು ಏನು ಮತ್ತೆ? ಕೊರಳಿಗೆ ತೂಗಿಬಿಟ್ಟ ಕರಡಿ ಎಂಬ ಚರ್ಮವಾದ್ಯ, ಮೇಲೆ ಶಹನಾಯಿ, ಜೊತೆಗೆ ಶ್ರುತಿ, ತಾಳ. ಕರಡೆ ಎಂಬ ಹೆಸರು ಹಳಗನ್ನಡದಲ್ಲೇ ಇದೆ. ಮಜಲು ಅಂದರೆ ಹಂತ. ಲಯ ಹಂತಹಂತವಾಗಿ ಏರುತ್ತದೆ. ಬಾರಿಸುವವರು ಎದುರುಬದರು ನಿಂತು, ಬಾಗಿ, ಹಿಂದೆ ಸರಿದು, ಗಿರಕಿ ಹೊಡೆದು, ಕರಡಿಯ ಭಾರ ಹೊತ್ತೂ ಹೆಜ್ಜೆ ತಪ್ಪದೆ ಬಾರಿಸುತ್ತಾರೆ. ಎರಡು ಊರಿನ ಮೇಳಗಳು ಒಂದೇ ಜಾತ್ರೆಗೆ ಬಂದರೆ ರಾತ್ರಿ ಸವಾಲ್ ಜವಾಬ್ ತಪ್ಪಿದ್ದಲ್ಲ. ಈ ಮೇಳ ಒಂದು ಪೆಟ್ಟಿನ ಗುಂಪು ಬಿಟ್ಟರೆ ಆ ಮೇಳ ಅದನ್ನು ತಿರುಗಿ ಹೇಳಿ ಮೇಲೊಂದು ಸೇರಿಸಬೇಕು. ಯಡೂರ ವೀರಭದ್ರನ ಜಾತ್ರೆಯಲ್ಲಿ ಬೆಳತನಕ ಇಂಥದ್ದೊಂದನ್ನು ನೋಡಿ ಬಂದ ಮಾರನೇ ದಿನ ದೋಸ್ತ ನಮ್ಮ ಕವಾಯತಿನ ನಡುವೆ ಕರಡಿಯ ಒಂದು ತಿರುವು ತಂದ. ನೂರಿಪ್ಪತ್ತರ ಹೆಜ್ಜೆ ಒಂದಿಷ್ಟೂ ಅಲುಗದಂತೆ ಅದರ ಒಳಗೆ ಹೂತಿಟ್ಟ ತಿರುವು. ಮಾಸ್ತರರು ಬ್ಯಾಡ ಅಂದರು. ಕಾಕಾ, “ಇರ್ಲಿ ಬಿಡ್ರಿ ಸರ, ಕಾಲ ತಾನ ಎದ್ದ ಬರ್ತಾವ,” ಅಂದರು. ಉಳಿಯಿತು.

1986ರ ಡಿಸೆಂಬರ್. ಚಿಕ್ಕೋಡಿಗೆ ನಾವು ಹೋದದ್ದು ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಟ್ರೇಲಿಯಲ್ಲಿ. ಬೆಳಗಿನ ಐದಕ್ಕೆ ಹೊರಟೆವು, ಕೊರೆಯುವ ಥಂಡಿ, ಡ್ರಮ್ಮುಗಳಿಗೆ ಕೌದಿ ಹೊದಿಸಿ ನಾವು ನಡುಗುತ್ತ ಕೂತಿದ್ದೆವು. ಆಗಿನ್ನೂ ನಿಪ್ಪಾಣಿ ಚಿಕ್ಕೋಡಿ ತಾಲ್ಲೂಕಿನಲ್ಲಿ, ಕಾಗವಾಡ ಅಥಣಿಯಲ್ಲಿ. ಮೈದಾನದಲ್ಲಿ ಎಲ್ಲ ಕಡೆಯವರೂ ಇದ್ದರು. ನಿಪ್ಪಾಣಿಯಿಂದ ಬಂದ ಒಂದು ತಂಡದ ಡ್ರಮ್ಮುಗಳಿಗೆ ಹೊಳೆಯುವ ಪ್ಲಾಸ್ಟಿಕ್ ಹೊದಿಕೆ, ಹುಡುಗರ ಕೈಗೆ ಬಿಳಿ ಗವಸು. ಅಥಣಿ ಕಡೆಯ ಒಂದು ಶಾಲೆಯ ಮುಂದಾಳು ಕೋಲನ್ನು ಗಾಳಿಗೆ ಎಸೆದು ಹಿಡಿಯುತ್ತಿದ್ದ. ನಮ್ಮ ಮುಂದಾಳಿನ ಕೋಲು ಬಡಿಗೇರ ಕಾಕಾ ಕಟಿಗಿಯಲ್ಲಿ ಕೆತ್ತಿ ತುದಿಗೆ ಹಿತ್ತಾಳೆ ತಂಬಿಗೆಯ ಬುಡ ಕೂಡಿಸಿ ಕೊಟ್ಟದ್ದು.

ನಮ್ಮ ಸರದಿ ಬಂತು. ವೇದಿಕೆಯ ತನಕ ಎಲ್ಲ ಸರಿ. ಕರಡಿಯ ತಿರುವು ಬಂದಾಗ ಮೈದಾನದ ಅಂಚಿನ ಜನ ಒಮ್ಮೆಲೇ “ಹೋ” ಅಂದದ್ದು ಕೇಳಿಸಿತು. ವಂದನೆಯ ಹೊತ್ತಿಗೆ ಬ್ಯೂಗಲ್ ಒಂಟಿಯಾಗಿ ಮೇಲಿನ ಪಂಚಮಕ್ಕೆ ಏರಿ ನಾಲ್ಕು ಹೆಜ್ಜೆ ನಿಲ್ಲಬೇಕು. ಏರಿದೆ. ಥಂಡಿಗೆ ಒಡೆದಿದ್ದ ತುಟಿ ಎರಡನೇ ಹೆಜ್ಜೆಗೆ ಸೀಳಿತು, ಸ್ವರ ಗಂಧಾರಕ್ಕೆ ಜಾರಿ ಬಿತ್ತು. ಬ್ಯೂಗಲ್ಲಿನಲ್ಲಿ ಜಾರಿದರೆ ಒಂದಿಡೀ ಮೆಟ್ಟಿಲು, ಮುಚ್ಚಿಡಲು ಆಗುವುದಿಲ್ಲ. ಬಾಯಿಯಲ್ಲಿ ರಕ್ತದ ಉಪ್ಪು. ನಾನು ನಿಲ್ಲಿಸಿಬಿಡುತ್ತಿದ್ದೆನೋ ಏನೋ, ಅಷ್ಟರಲ್ಲಿ ಬಲಗಡೆಯಿಂದ ದೋಸ್ತನ ಎರಡೂ ಕೋಲು ಒಂದೇ ಸಮ ಚರ್ರೆಂದು ಮಳೆಯಂತೆ ಸುರಿದವು. ಬರೆದ ಪಾಠದಲ್ಲಿ ಅಲ್ಲಿ ಡ್ರಮ್ಮಿಗೆ ಕೆಲಸವೇ ಇರಲಿಲ್ಲ. ಆ ಸದ್ದಿನ ಮರೆಯಲ್ಲಿ ನಾನು ಉಸಿರೆಳೆದು ಕೆಳಗಿನ ಸ ಹಿಡಿದೆ, ಬೇಸ್ ಡ್ರಮ್ ಎಡಗಾಲಿಗೆ ಸರಿಯಾಗಿ ಬಿತ್ತು, ಸಾಲು ಮುಂದೆ ಹೋಯಿತು.

ಎರಡನೇ ಸ್ಥಾನ ಬಂತು. ನನ್ನ ಸ್ವರದಿಂದ ಮೊದಲನೆಯದು ಹೋಯಿತೆಂದು ಟ್ರೇಲಿಯ ಮೂಲೆಯಲ್ಲಿ ಮುಖ ಮುಚ್ಚಿ ಕೂತಿದ್ದೆ. ಹವಾಲ್ದಾರ ಕಾಕಾ ಗದ್ದ ಹಿಡಿದೆತ್ತಿ ತುಟಿ ನೋಡಿದರು. “ಬೆಣ್ಣಿ ಹಚ್ಚು. ಎಂಟು ದಿನ ಊದಬ್ಯಾಡ,” ಅಂದರು, ಬೇರೇನೂ ಅನ್ನಲಿಲ್ಲ.

ದಾರಿಯಲ್ಲಿ ಒಂದು ಚಹಾದಂಗಡಿಯ ಮುಂದೆ ಟ್ರ್ಯಾಕ್ಟರ್ ನಿಂತಿತು. ಆ ಕಾಲಕ್ಕೆ ಅಂಥ ಅಂಗಡಿಗಳಲ್ಲಿ ಕೆಲವರಿಗೆ ಬೇರೆ ಬಟ್ಟಲು ಇಡುವುದಿತ್ತು. ಎಲ್ಲರೂ ಒಂದೇ ಬಿಳಿ ಅಂಗಿಯಲ್ಲಿ ಇಳಿದೆವು, ಯಾರು ಯಾರ ಮಗನೆಂದು ಅಂಗಡಿಯವನಿಗೆ ತಿಳಿಯಲಿಲ್ಲ, ಸಾಲಾಗಿ ಗಾಜಿನ ಗ್ಲಾಸಿನಲ್ಲಿ ಚಹಾ ಇಟ್ಟ. ದೋಸ್ತ ಮುಟ್ಟದೆ ನಿಂತ. ಬೇಸ್ ಡ್ರಮ್ಮಿನ ಹುಡುಗ, ಊರ ಗೌಡರ ಮನೆಯವನು, ಒಂದು ಗ್ಲಾಸೆತ್ತಿ ಅವನ ಕೈಗೆ ಕೊಟ್ಟ. ಯಾರೂ ಮಾತಾಡಲಿಲ್ಲ. ಅಂದು ಆ ಚಹಾ ಕುಡಿಯಲು ಒಡೆದ ತುಟಿಯಿಂದ ನನಗೆ ಬಹಳ ಹೊತ್ತು ಹಿಡಿಯಿತು, ಹಾಗಾಗಿ ದೋಸ್ತನ ಮುಖ ಬಹಳ ಹೊತ್ತು ನೋಡಿದ್ದೆ.

ಮರುವರ್ಷ ಪರೀಕ್ಷೆ ಮುಗಿದ ದಿನ ಬ್ಯೂಗಲ್ ಒರೆಸಿ ತಿಜೋರಿಯಲ್ಲಿಟ್ಟು ಸಹಿ ಮಾಡಿದೆ. ಆಮೇಲೆ ಬೆಂಜೊ ಪಾರ್ಟಿಗಳು ಬಂದವು, ಡಿಜೆ ಬಂತು. ನಿಪ್ಪಾಣಿಯ ಗಣಪತಿ ಮೆರವಣಿಗೆಯಲ್ಲಿ ಢೋಲು ತಾಶೆ, ಝಾಂಜಿನ ಪಥಕಗಳು ಮೊಳಗುತ್ತವೆ, ಅವುಗಳಲ್ಲಿ ಹುಡುಗಿಯರು ಸೊಂಟಕ್ಕೆ ಢೋಲು ಕಟ್ಟಿ ಬಾರಿಸುವುದನ್ನು ಕಂಡರೆ ಹಿಗ್ಗಾಗುತ್ತದೆ. ನಮ್ಮ ಸೆಟ್ಟಿನಲ್ಲಿ ಒಬ್ಬಳೂ ಇರಲಿಲ್ಲ. ಶಾಲೆಗಳಲ್ಲಿ ಬ್ಯಾಂಡ್ ಸೆಟ್ ಇನ್ನೂ ಇದೆ, ಪ್ಲಾಸ್ಟಿಕ್ ಹೊದಿಕೆಯ ಡ್ರಮ್ಮು, ಮಳೆಗೆ ಅಂಜುವುದಿಲ್ಲ. ಆದರೆ ಬ್ಯೂಗಲ್ ಊದುವವರು ಅಪರೂಪ. ಡ್ರಮ್ಮು ಎರಡು ವಾರಕ್ಕೆ ಒಂದು ರೂಪಕ್ಕೆ ಬರುತ್ತದೆ, ತುಟಿ ಪಳಗಲು ತಿಂಗಳುಗಳು ಬೇಕು, ಕಲಿಸುವ ಕಾಕಾ ಬೇಕು.

ಹೋದ ಸಲ ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೋಗಿದ್ದೆ. ಗಡಿಯ ಆಚೆಯಿಂದ ಈಚೆಯಿಂದ ಬಂದ ಜನ, ಭಂಡಾರದ ಹಳದಿಯಲ್ಲಿ ಮುಖ ಗುರುತು ಸಿಗದಂತಾಗಿತ್ತು. ಡೊಳ್ಳಿನ ಮೇಳವೊಂದು ಸುಸ್ತಾಗಿ ಬೇವಿನ ನೆರಳಿಗೆ ಕೂತಿತ್ತು. ಅದರ ಕೊಂಬಿನವನ ಪಕ್ಕ ಕೂತು ಮಾತಿಗೆಳೆದೆ, ಒಮ್ಮೆ ಊದಲೇ ಎಂದು ಕೇಳಿದೆ. ಆತ ನನ್ನ ನರೆತ ಮೀಸೆ ನೋಡಿ ನಕ್ಕು, ಭಂಡಾರ ಮೆತ್ತಿದ ಅಂಗೈಯಿಂದ ಬಾಯಿ ಒರೆಸಿ ಕೊಂಬು ಕೊಟ್ಟ.

ತುಟಿ ಬಿಗಿ ಹಿಡಿದೆ. ಸ ಬಂತು. ಪ ಬಂತು. ಮೇಲಿನ ಸ ಕೂಡ ತುಸು ಒಡಕಾಗಿ ಬಂತು. ಗಂಧಾರಕ್ಕೆ ಎರಡು ಸಲ ಹೋದೆ, ಬರೀ ಗಾಳಿ. “ಗಲ್ಲ ಉಬ್ಬಸಾಕತ್ತೀರಿ ಯಪ್ಪಾ,” ಅಂದ ಆತ. ಕೊಂಬು ಇಸಿದುಕೊಂಡು, ಕೂತಲ್ಲೇ ಕೊರಳೆತ್ತಿ ಒಂದೇ ಉಸಿರಿಗೆ ಅಲ್ಲಿಗೆ ಮುಟ್ಟಿ ನಿಂತ. ಡೊಳ್ಳಿನವರು ಎದ್ದು ಹಗ್ಗ ಕೊರಳಿಗೆ ಹಾಕಿಕೊಳ್ಳತೊಡಗಿದರು.